ರೆಕ್ಕೆಯ ಆನೆಮರಿಯೂ ನಮ್ಮ ದೊಡ್ಡವ್ವನೂ

ನಮ್ಮ ಮನೆಯಲ್ಲಿ ವಾರದಿಂದ ಒಂದು ಕತೆ ಅರ್ಧಕ್ಕೆ ನಿಂತುಬಿಟ್ಟಿದೆ. ನಿಲ್ಲಿಸಿದವಳು ಮೊಮ್ಮಗಳು ಚಿನ್ನು. ಅವಳ ಅಪ್ಪನ ಫೋನಿನಲ್ಲಿ ಅದೇನೋ ಹೊಸ ಕಾರ್ಟೂನು ಬರುತ್ತಿದೆ. ಬಾಲದ ತುದಿಯಲ್ಲಿ ದೀಪ ಹೊತ್ತ ಒಂದು ನರಿ ಕತ್ತಲ ರಾಜ್ಯವನ್ನು ದಾಟಿ ತನ್ನ ಊರು ಸೇರಬೇಕು. ಇನ್ನೊಂದೇ ಭಾಗ ಬಾಕಿ. ಅಷ್ಟರಲ್ಲಿ ಯಾರೋ ಪುಣ್ಯಾತ್ಮರು ಕೆಳಗೆ ‘ಕೊನೆಯಲ್ಲಿ ಅತ್ತುಬಿಟ್ಟೆ’ ಎಂದು ಬರೆದದ್ದನ್ನು ಇವಳು ಓದಿಬಿಟ್ಟಳು. ಅಂದಿನಿಂದ, ಕೈಗೆ ಫೋನು ಸಿಕ್ಕಾಗಲೆಲ್ಲ ಅದನ್ನು ಬೋರಲು ಹಾಕಿ, ಮೇಲೊಂದು ದಿಂಬು ಇಟ್ಟು, ನನ್ನ ಮುಖ ನೋಡುತ್ತಾಳೆ. ನಾನು ಮೊದಲು ನೋಡಿ, ನರಿ ಬದುಕುತ್ತದೋ ಇಲ್ಲವೋ ಹೇಳಬೇಕಂತೆ.

ನರಿಯ ವಿಷಯದಲ್ಲಿ ಜನ ಏನೇನು ಬರೆದಿದ್ದಾರೆ ಎಂಬುದನ್ನೂ ಅವಳೇ ನನಗೆ ಓದಿ ಹೇಳಿದ್ದಾಳೆ. ಒಬ್ಬರಿಗೆ ನರಿಯ ಕಣ್ಣು ದೊಡ್ಡದಾಯಿತಂತೆ. ಇನ್ನೊಬ್ಬರಿಗೆ ಹಾಡು ಹಿಡಿಸಲಿಲ್ಲವಂತೆ. ಮತ್ತೊಬ್ಬರು ನಡುವೆ ನಿದ್ದೆ ಹೋದರಂತೆ. ನಿದ್ದೆ ಹೋದದ್ದನ್ನೂ ಬರೆದು ಲೋಕಕ್ಕೆ ತಿಳಿಸುತ್ತಾರಲ್ಲ ಎಂದು ನನಗೆ ಸೋಜಿಗ. ನಮ್ಮ ಕಾಲದಲ್ಲಿ ನೋಡುವವರ ಅಭಿಪ್ರಾಯವೆಲ್ಲ ಬಾಯಲ್ಲೇ, ಅದೂ ಆಟ ಮುಗಿಯುವ ತನಕ ಕಾಯುತ್ತಿರಲಿಲ್ಲ. ಟಿವಿಗೆ ಕಿವಿ ಇದ್ದಿದ್ದರೆ ನಮ್ಮೂರ ಪಂಚಾಯತಿ ಟಿವಿ ಬಂದ ವಾರವೇ ಮುನಿಸಿಕೊಂಡು ದಿಂಬಂ ಘಾಟಿ ಇಳಿದು ಹೊರಟುಹೋಗುತ್ತಿತ್ತು.

ಎಂಬತ್ತರ ದಶಕದ ನಡುವಿನ ಮಾತು. ಗಡಿ ದಾಟಿ ತಮಿಳು ಸೀಮೆಗೆ ಸೇರಿದ, ತಾಳವಾಡಿಗೂ ಗುಮಟಾಪುರಕ್ಕೂ ನಡುವೆ ಇರುವ ನಮ್ಮೂರಿನಲ್ಲಿ ರೇಡಿಯೋ ರೂಮು ಅಂತ ಒಂದಿತ್ತು. ಅಲ್ಲಿಗೆ ಟಿವಿ ಬಂತು, ರೂಮಿನ ಹೆಸರು ಮಾತ್ರ ಬದಲಾಗಲಿಲ್ಲ. ಮರದ ಬಾಗಿಲಿನ ಪೆಟ್ಟಿಗೆ, ಅದಕ್ಕೊಂದು ಬೀಗ, ಬೀಗದ ಕೈ ಊರಿಗೆ ನೀರು ಬಿಡುವ ಸಿದ್ದಯ್ಯನ ಸೊಂಟದಲ್ಲಿ. ರೈತರ ಮನೆಯವರು ಒಳಗೆ ಕೂರಬೇಕು, ಕೂಲಿ ಮಾಡುವವರು ಹೊರಗೆ ಜಗಲಿಯ ಮೇಲೆ ನಿಂತು ಕಿಟಕಿಯಿಂದ ನೋಡಬೇಕು ಎಂಬುದು ಯಾರೂ ಬರೆಯದ ಕಾನೂನು. ಸಿದ್ದಯ್ಯ ಕೂಲಿ ಕೇರಿಯವನೇ ಆದರೂ ಗುಂಡಿ ತಿರುಗಿಸುವವನಾದ್ದರಿಂದ ಅವನಿಗೆ ಪೆಟ್ಟಿಗೆಯ ಪಕ್ಕದಲ್ಲೇ ಜಾಗ. ಚಿತ್ರ ನಡುಗಿದರೆ ಮಾಡಿನ ಮೇಲೆ ಹತ್ತಿ ಆಂಟೆನಾ ಕಂಬ ತಿರುಗಿಸಿ ‘ಬಂತಾ?’ ಎಂದು ಕೂಗುವವನೂ ಅವನೇ.

ತಮಿಳು ಕಾರ್ಯಕ್ರಮಗಳಿಗೆ ಯಾರ ಹಂಗೂ ಬೇಕಿರಲಿಲ್ಲ. ನಾವು ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತಮಿಳು ಆಡುತ್ತಲೇ ಬೆಳೆದವರು. ತೊಡಕಾದದ್ದು ಭಾನುವಾರ ಬೆಳಿಗ್ಗೆ ಹಿಂದಿಯಲ್ಲಿ ಶುರುವಾದ ಒಂದು ಹೊಸ ಬೊಂಬೆ ಕತೆ. ಬರೆದ ಚಿತ್ರಗಳು ತಾವೇ ಎದ್ದು ಓಡಾಡುವುದನ್ನು ನಮ್ಮೂರು ಅದಕ್ಕೆ ಮುಂಚೆ ಕಂಡಿರಲಿಲ್ಲ. ಊರಿಗೆಲ್ಲ ಹಿಂದಿ ಬಲ್ಲವನು ನಾನೊಬ್ಬನೇ ಎಂದು ಹೆಸರಾಗಿತ್ತು, ಏಕೆಂದರೆ ಚಾಮರಾಜನಗರದಲ್ಲಿ ಓದುವಾಗ ಹಿಂದಿಯ ಸಣ್ಣ ಪರೀಕ್ಷೆಗಳನ್ನು ಪಾಸು ಮಾಡಿದ್ದೆ, ಅದರ ಸರ್ಟಿಫಿಕೇಟಿಗೆ ನಮ್ಮಪ್ಪ ಕಟ್ಟು ಹಾಕಿಸಿ ದೇವರ ಪಟದ ಪಕ್ಕ ನೇತುಹಾಕಿದ್ದರು. ನನ್ನ ಹಿಂದಿಯ ಯೋಗ್ಯತೆ ನನಗೆ ಗೊತ್ತಿತ್ತು. ತೋಟದ ಮಾಲಿ ಗಿಡಕ್ಕೆ ನೀರು ಹಾಕುತ್ತಾನೆ, ಆಕಾಶದಲ್ಲಿ ಹಕ್ಕಿ ಹಾರುತ್ತದೆ, ಹಸು ನಮಗೆ ಹಾಲು ಕೊಡುತ್ತದೆ ಎಂಬಷ್ಟನ್ನು ಮೂರು ಕಾಲಗಳಲ್ಲೂ ಹೇಳಬಲ್ಲೆ. ಬೊಂಬೆ ಕತೆಯವರು ಮಾಲಿಯ ಸುದ್ದಿಯನ್ನೇ ಎತ್ತಲಿಲ್ಲ. ಆದರೂ ಇಪ್ಪತ್ತೆರಡರ ವಯಸ್ಸಿನಲ್ಲಿ, ಊರೆಲ್ಲ ಬಾಯಿ ಬಿಟ್ಟುಕೊಂಡು ನಿಮ್ಮ ಕಡೆ ನೋಡುವಾಗ, ಗೊತ್ತಿಲ್ಲ ಎನ್ನಲು ನಿಮಗಾದರೂ ಮನಸ್ಸು ಬರುತ್ತಿತ್ತೇ?

ಕತೆ ಇಷ್ಟು. ಮೋಡದ ಮೇಲೆ ರೆಕ್ಕೆಯ ಆನೆಗಳ ಹಿಂಡೊಂದು ಇದೆ. ಅದರ ಮರಿ ಜಾರಿ ಭೂಮಿಗೆ ಬಿದ್ದಿದೆ, ಒಂದು ರೆಕ್ಕೆ ಮುರಿದಿದೆ. ಎತ್ತರದ ಬೆಟ್ಟವೊಂದನ್ನು ಹತ್ತಿದರೆ ತಾಯಿ ಸಿಗುತ್ತಾಳೆ. ಕುಂಟ ಮಾಂತ್ರಿಕನೊಬ್ಬ ಮರಿಯನ್ನು ಹಿಡಿಯಲು ಬೆನ್ನು ಬಿದ್ದಿದ್ದಾನೆ. ಇದನ್ನು ಬರೆದವರು ಎಲ್ಲಿಯವರೋ ಕಾಣೆ, ಅವರು ಆನೆ ಕಾಟದ ಊರಿನವರಲ್ಲ ಎಂಬುದು ಮಾತ್ರ ಮೊದಲ ದಿನವೇ ಖಾತ್ರಿಯಾಯಿತು. ನಮ್ಮ ಜನ ರಾಗಿ ಹೊಲದ ಅಟ್ಟಣೆಯ ಮೇಲೆ ರಾತ್ರಿಯೆಲ್ಲ ಡಬ್ಬ ಬಡಿದು ಬಂದು ಅಲ್ಲಿ ಕೂತವರು. ಪಕ್ಕದ ಹೊಲದ ಮಾದಪ್ಪಣ್ಣ ಆನೆಮರಿಯ ರೆಕ್ಕೆ ಕಂಡವನೇ ಹೆಗಲ ಟವೆಲು ಕೊಡವಿದ.

‘ನೆಲದ ಮ್ಯಾಲ ಬರವೇ ಸಾಲ್ದು ಅಂತ ಇವುಕ್ಕ ರೆಕ್ಕ ಬೇರ ಕೊಟ್ಟವ್ರಲ್ಲಪ್ಪ’ ಅಂದ.

ಹೀಗಾಗಿ ಇಡೀ ರೂಮು ಒಮ್ಮತದಿಂದ ಮಾಂತ್ರಿಕನ ಕಡೆ ಸೇರಿತು. ಅವನು ಬಲೆ ಬೀಸಿದರೆ ಶಿಳ್ಳೆ, ಮರಿ ತಪ್ಪಿಸಿಕೊಂಡರೆ ಉಸ್ಸೆಂಬ ನಿಟ್ಟುಸಿರು. ಬಲೆ ಹಾಕುವ ಕ್ರಮ ಸರಿಯಿಲ್ಲ, ಗುಂಡಿ ತೋಡಬೇಕಿತ್ತು ಎಂದು ಜಗಲಿಯಿಂದ ಸಲಹೆಗಳೂ ಬರುತ್ತಿದ್ದವು. ಮರಿಯ ಪರವಾಗಿ ಆ ರೂಮಿನಲ್ಲಿ ಇದ್ದದ್ದು ಒಂದೇ ಜೀವ. ಅದು ನಮ್ಮ ರಾಜಕ್ಕ.

ರಾಜಕ್ಕ ನಮ್ಮ ದೊಡ್ಡಪ್ಪನ ಮಗಳು, ರಾಜಮ್ಮಣ್ಣಿ. ಗುಂಡ್ಲುಪೇಟೆ ಕಡೆ ಕೊಟ್ಟಿದ್ದರು. ಹಿಂದೆ ಎರಡು ಸಲ ಬಸಿರು ನಿಲ್ಲದೆ ಹೋಗಿತ್ತು. ಮೂರನೆಯ ಸಲ ಏಳು ತಿಂಗಳು ತುಂಬಿಸಿಕೊಂಡು ಹೆರಿಗೆಗೆ ತವರಿಗೆ ಬಂದಿದ್ದಳು. ಅವಳ ಅವ್ವ, ಎಂದರೆ ನಮ್ಮ ದೊಡ್ಡವ್ವ, ಮಗಳು ಬಂದ ದಿನದಿಂದ ಸರಿಯಾಗಿ ಕಣ್ಣು ಮುಚ್ಚಿದವಳಲ್ಲ. ಹಿಂದಿನ ಎರಡು ಸಲದ ಮಾತನ್ನು ಮನೆಯಲ್ಲಿ ಯಾರೂ ಎತ್ತುವಂತಿರಲಿಲ್ಲ. ಎತ್ತದೆ ಇದ್ದ ಮಾತಿನ ಭಾರವೆಲ್ಲ ದೊಡ್ಡವ್ವನ ಕಟ್ಟಳೆಗಳ ಮೇಲೆ ಬಿದ್ದಿತ್ತು. ಬಸುರಿ ಹೊಸ್ತಿಲ ಮೇಲೆ ನಿಲ್ಲಬಾರದು, ಮೂರು ಸಂಜೆಯಲ್ಲಿ ಬಾವಿ ಕಡೆ ಹೋಗಬಾರದು. ಈ ಬಗೆಯವು ಎಲ್ಲ ಮನೆಗಳಲ್ಲೂ ಇದ್ದವೇ. ದೊಡ್ಡವ್ವನ ಪಟ್ಟಿಯಲ್ಲಿ ಇನ್ನೆರಡು ಹೆಚ್ಚಿಗೆ ಇದ್ದವು. ಒಂದು, ಬಸುರಿ ಕೆಟ್ಟ ಕೊನೆಯ ಕತೆ ಕೇಳಬಾರದು. ಇನ್ನೊಂದು, ಕೇಳಲು ಶುರು ಮಾಡಿದ ಕತೆಯನ್ನು ಅರ್ಧಕ್ಕೆ ಬಿಡಬಾರದು. ಬಿಟ್ಟರೆ ಹೊಟ್ಟೆಯಲ್ಲಿರುವುದೂ ಎಂದು ಶುರು ಮಾಡಿ, ಆ ಮಾತನ್ನು ಮಾತ್ರ ತಾನೇ ಅರ್ಧಕ್ಕೆ ಬಿಡುತ್ತಿದ್ದಳು.

ಈ ಎರಡು ಕಟ್ಟಳೆಗಳೂ ಒಂದಕ್ಕೊಂದು ಢಿಕ್ಕಿ ಹೊಡೆದದ್ದು ಹೀಗೆ. ದೊಡ್ಡವ್ವ ಹಸು ನೋಡಲು ಹೋಗಿದ್ದ ಒಂದು ಭಾನುವಾರ, ರಾಜಕ್ಕ ಬೇಸರ ಕಳೆಯಲು ರೇಡಿಯೋ ರೂಮಿಗೆ ಬಂದು ಬೊಂಬೆ ಕತೆಯ ಮೊದಲ ಭಾಗವನ್ನು ಪೂರ್ತಿ ನೋಡಿಬಿಟ್ಟಳು. ಸುದ್ದಿ ತಿಳಿದ ದೊಡ್ಡವ್ವ ತಲೆಯ ಮೇಲೆ ಕೈ ಹೊತ್ತು ಕೂತಳು. ಕತೆ ಶುರುವಾಗಿಬಿಟ್ಟಿದೆ, ಇನ್ನು ಬಿಡುವಂತಿಲ್ಲ. ಕೊನೆ ಏನೋ ಗೊತ್ತಿಲ್ಲ, ಕೆಟ್ಟದ್ದಾದರೆ ನೋಡುವಂತಿಲ್ಲ. ನನ್ನನ್ನು ಕರೆದು, ಮರಿ ಕೊನೆಯಲ್ಲಿ ಬದುಕುತ್ತದೆ ತಾನೇ ಎಂದು ಕೇಳಿದಳು. ಮೋಡದ ಮೇಲಿಂದ ಬಿದ್ದೇ ಸಾಯದ ಮರಿ ಇನ್ನು ಸಾಯುತ್ತದೆಯೇ ಎಂದು ನಾನು ಧೈರ್ಯ ಹೇಳಿದೆ. ಅವಳು ನನ್ನ ಸರ್ಟಿಫಿಕೇಟಿನ ಕಡೆ ಒಮ್ಮೆ ನೋಡಿ, ಒಪ್ಪಿಕೊಂಡಳು.

ಮುಂದಿನ ಭಾನುವಾರದಿಂದ ದೊಡ್ಡವ್ವನೇ ಮಗಳ ಕೈ ಹಿಡಿದು ಬಂದು ಮುಂದುಗಡೆ ಕೂರತೊಡಗಿದಳು. ಮಾಂತ್ರಿಕ ಬಲೆ ಬೀಸಿದ. ಮಾದಪ್ಪಣ್ಣ ರೂಢಿಯಂತೆ ‘ಇಡಕೊ, ಬುಡಬ್ಯಾಡ’ ಎಂದು ಹುರಿದುಂಬಿಸಿದ. ದೊಡ್ಡವ್ವ ಹಿಂದಕ್ಕೆ ತಿರುಗಿದಳು. ದನಿ ಏರಿಸಲಿಲ್ಲ.

‘ಮಾದಪ್ಪ, ತುಂಬ್ದ ಬಸ್ರಿ ಕುಂತವ್ಳ ಇಲ್ಲಿ. ಆ ಮರಿ ಉಳೀಲಿ ಅನ್ನು, ಇಲ್ದಿದ್ರ ಎದ್ದು ಓಗು’ ಅಂದಳು.

ಮಾದಪ್ಪಣ್ಣ ಎದ್ದು ಹೋಗಲಿಲ್ಲ. ಸ್ವಲ್ಪ ಹೊತ್ತು ಕತ್ತು ತುರಿಸಿಕೊಂಡು, ಉಳೀಲಿ ಕಣವ್ವ ಎಂದು ಗೊಣಗಿದ. ರಾಜಕ್ಕನ ಹಿಂದಿನ ಕತೆ ಊರಿಗೆಲ್ಲ ಗೊತ್ತಿದ್ದದ್ದೇ. ಆ ದಿನದಿಂದ ರೇಡಿಯೋ ರೂಮಿನ ಜನ ಪಕ್ಷ ಬದಲಿಸಿದರು. ಮೊದಮೊದಲು ಬಾಯಿ ಮಾತಿಗೆ, ಆಮೇಲಾಮೇಲೆ ನಿಜವಾಗಿಯೇ. ಹೊಲಕ್ಕೆ ನುಗ್ಗುವ ಆನೆಯನ್ನು ಬೈದು ಬಂದ ಬಾಯಲ್ಲೇ ಬೊಂಬೆ ಆನೆಯನ್ನು ‘ಓಡು ಮಗ’ ಎಂದು ಹರಸುವುದು ಅವರಿಗೆ ವಿಚಿತ್ರವಾಗಿ ಕಾಣಲಿಲ್ಲ.

ಆದರೆ ಕತೆ ನಮ್ಮ ಹಿಡಿತದಲ್ಲಿರಲಿಲ್ಲವಲ್ಲ. ವಾರ ಕಳೆದಂತೆ ಮಾಂತ್ರಿಕ ಬಲವಾದ, ಮರಿ ಸೊರಗಿತು. ಆಗ ಒಂದು ಏರ್ಪಾಡು ತಾನಾಗಿ ರೂಪುಗೊಂಡಿತು. ಕೆಟ್ಟದ್ದೇನಾದರೂ ಆಗುವ ಸೂಚನೆ ಕಂಡರೆ ದೊಡ್ಡವ್ವ ಕೆಮ್ಮುವಳು. ಕೆಮ್ಮಿದೊಡನೆ ಸಿದ್ದಯ್ಯ ಗುಂಡಿಯನ್ನು ಚೂರು ತಿರುಗಿಸುವನು, ತೆರೆಯ ತುಂಬ ಬಿಳಿ ಚುಕ್ಕಿ ಕುದಿಯುವುದು. ಇನ್ನೊಮ್ಮೆ ಕೆಮ್ಮಿದರೆ ಚಿತ್ರ ವಾಪಸು. ಹಿಂದಿ ಮಾತಿನ ಹೊಣೆ ನನ್ನದು. ಒಂದು ದಿನ ದೊಡ್ಡವ್ವನ ಕೆಮ್ಮು ತಡವಾಯಿತು. ಮಾಂತ್ರಿಕ ತನ್ನ ಉದ್ದ ಕತ್ತಿ ಎತ್ತಿ, ಮರಿಯ ಮುಖಕ್ಕೆ ಮುಖವಿಟ್ಟು ಏನೋ ಗುಡುಗಿದ.

‘ಯಾನಂದನ್ಲಾ ಅವ?’ ದೊಡ್ಡವ್ವ ಕೇಳಿದಳು.

‘ಉಂಡ್ಯಾ ಅಂತ ಕೇಳ್ತಾವ್ನ ದೊಡ್ಡವ್ವ’ ಅಂದೆ.

ಅವಳು ನೆಮ್ಮದಿಯಿಂದ ತಲೆಯಾಡಿಸಿದಳು. ಎಷ್ಟೇ ಹಗೆಯಾದರೂ ಉಣ್ಣುವುದನ್ನು ಕೇಳಿದನಲ್ಲ, ಹೆತ್ತವರು ಒಳ್ಳೆಯವರಿರಬೇಕು ಎಂದಳು. ಹಿಂದೆ ಮಾದಪ್ಪಣ್ಣ ಟವೆಲನ್ನು ಬಾಯಿಗೆ ಒತ್ತಿಕೊಂಡು ಕೂತಿದ್ದ. ರಾಜಕ್ಕ ತೆರೆಯಿಂದ ಕಣ್ಣು ಕೀಳಲಿಲ್ಲ.

ಕೊನೆಯ ಭಾಗಕ್ಕೆ ಹಿಂದಿನ ಭಾನುವಾರ ಮರಿ ಬೆಟ್ಟದ ತುದಿ ಮುಟ್ಟಿತು. ಹಿಂದೆ ಮಾಂತ್ರಿಕ, ಮುಂದೆ ಪ್ರಪಾತ. ಮುರಿದ ರೆಕ್ಕೆಯನ್ನು ಹಾಗೇ ಬಿಚ್ಚಿ ಮರಿ ಹಾರಿತೋ ಬಿತ್ತೋ ತಿಳಿಯದಂತೆ ಕೆಳಕ್ಕೆ ಧುಮುಕಿತು. ಅಲ್ಲಿಗೆ ನಿಲ್ಲಿಸಿಬಿಟ್ಟರು. ಕೆಮ್ಮಲೂ ದೊಡ್ಡವ್ವನಿಗೆ ಪುರುಸೊತ್ತು ಸಿಗಲಿಲ್ಲ. ಆ ವಾರ ನಮ್ಮೂರಿನಲ್ಲಿ ನಡೆದಷ್ಟು ಚರ್ಚೆ ಪಂಚಾಯತಿ ಎಲೆಕ್ಷನ್ನಿಗೂ ನಡೆದಿರಲಿಲ್ಲ. ಟೀ ಅಂಗಡಿಯಲ್ಲಿ, ಹಾಲು ಹಾಕುವಲ್ಲಿ, ಕಳೆ ಕೀಳುವ ಸಾಲುಗಳಲ್ಲಿ ಅದೇ ಮಾತು. ಮುರಿದ ರೆಕ್ಕೆ ಇಷ್ಟು ದಿನದಲ್ಲಿ ಕೂಡಿಕೊಂಡಿರಲೇಬೇಕೆಂದು ಸಿದ್ದಯ್ಯ ವಾದಿಸಿದ. ಕತೆಯಲ್ಲಿ ಎಷ್ಟು ದಿನವಾಗಿದೆ ಎಂಬುದು ಯಾರಿಗೆ ಗೊತ್ತು ಎಂದು ಇನ್ನೊಬ್ಬರು ಅಡ್ಡ ಹಾಕಿದರು. ಅವರೆಲ್ಲ ಮಾತಾಡುತ್ತಿದ್ದದ್ದು ಆನೆಮರಿಯ ಬಗ್ಗೆ ಮಾತ್ರವಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು. ರಾಜಕ್ಕನಿಗೆ ಒಂಬತ್ತು ತುಂಬಿತ್ತು.

ನಮ್ಮ ಕಡೆ ಏನಾದರೂ ತೀರ್ಮಾನ ಬೇಕೆಂದರೆ ದೇವರ ಹತ್ತಿರ ಹೂ ಕೇಳುತ್ತಾರೆ. ಮನಸ್ಸಿನಲ್ಲಿದ್ದದ್ದನ್ನು ಹೇಳಿಕೊಂಡು ನಿಂತರೆ, ದೇವರ ಬಲಗಡೆಯಿಂದ ಹೂ ಬಿದ್ದರೆ ಆಗುತ್ತದೆ ಎಂದು, ಎಡಗಡೆಯಿಂದ ಬಿದ್ದರೆ ಆಗುವುದಿಲ್ಲ ಎಂದು ಲೆಕ್ಕ. ದೊಡ್ಡವ್ವ ನನ್ನನ್ನು ಜೊತೆ ಮಾಡಿಕೊಂಡು ಗುಡಿಗೆ ಹೋದಳು. ಯಾರ ಹೆಸರಿನಲ್ಲಿ ಕೇಳಲಿ ಎಂದು ಪೂಜಾರಿ ವಿಚಾರಿಸಿದರು. ಮಗಳ ಹೆಸರು ಹೇಳಿ ಕೇಳಲು ಆಕೆಗೆ ಧೈರ್ಯ ಸಾಲದು, ಎಡಕ್ಕೆ ಬಿದ್ದುಬಿಟ್ಟರೆ? ಕೊನೆಗೆ, ಆ ಟಿವಿ ಆನೆಮರಿಯ ಹೆಸರಿನಲ್ಲಿ ಕೇಳಿ ಎಂದಳು. ಪೂಜಾರಿ ನಗಲಿಲ್ಲ. ಅವರೂ ಭಾನುವಾರದ ಗಿರಾಕಿಯೇ.

‘ಅದು ಬರ್ದೋನ ಕೈಲದ ಕಣವ್ವ, ಸ್ವಾಮಿ ಕೈಲಿಲ್ಲ. ನಿನ್ ಮಗಳ್ದು ಕೇಳು, ಅದು ಸ್ವಾಮಿ ಕೈಲದ’ ಅಂದರು.

ದೊಡ್ಡವ್ವ ಕೇಳಲಿಲ್ಲ. ಕೈ ಮುಗಿದು, ಏನೂ ಕೇಳದೆ, ತೀರ್ಥ ತೆಗೆದುಕೊಂಡು ವಾಪಸು ಬಂದಳು. ದಾರಿಯುದ್ದಕ್ಕೂ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ನಡೆದಳು. ನನಗೆ ಆ ದಿನ ಅವಳನ್ನು ನೋಡಿ ಸಂಕಟವಾಯಿತು. ಅಲ್ಲಿಯ ತನಕ ಎಲ್ಲ ನಗೆಯಾಟವಾಗಿಯೇ ಕಂಡಿತ್ತು.

ಭಾನುವಾರ ಹೊತ್ತು ಹುಟ್ಟುವ ಮುಂಚೆಯೇ ರಾಜಕ್ಕನಿಗೆ ನೋವು ಶುರುವಾಯಿತು. ತಾಳವಾಡಿಯಿಂದ ತಮಿಳು ನರ್ಸಮ್ಮ ಬಂದರು. ಬೇಕಾದರೆ ಚಾಮರಾಜನಗರಕ್ಕೆ ಹೊರಡಿಸಲು ವ್ಯಾನೊಂದು ಬಾಗಿಲಲ್ಲಿ ನಿಂತಿತು. ಬೊಂಬೆ ಕತೆಯ ಹೊತ್ತು ಹತ್ತಿರವಾದಾಗ ದೊಡ್ಡವ್ವ ಒಳಗಿಂದ ಓಡಿ ಬಂದಳು.

‘ನೀ ಓಗ್ಲಾ. ಓಗಿ ಪೂರ್ತಿ ನೋಡ್ಕ ಬಂದು ಅವಳ ಕಿವೀಗ ಏಳು. ಅರ್ಧಕ್ಕ ಬುಡಬ್ಯಾಡ’ ಅಂದಳು.

ಅಂದು ಗಾಳಿಯೋ ಗಾಳಿ. ನಾನು ಹೋಗುವಷ್ಟರಲ್ಲಿ ಕಂಬ ತಿರುಗಿ, ತೆರೆಯ ಮೇಲೆ ಬಿಳಿ ಚುಕ್ಕಿ ಬಿಟ್ಟರೆ ಬೇರೇನೂ ಇರಲಿಲ್ಲ. ಈ ಸಲ ಯಾರೂ ಕೆಮ್ಮಿರಲಿಲ್ಲ. ಸಿದ್ದಯ್ಯ ಮಾಡಿನ ಮೇಲಿಂದ ‘ಬಂತಾ?’ ಎನ್ನುವುದು, ಒಳಗಿನವರೆಲ್ಲ ಒಟ್ಟಾಗಿ ‘ಇಲ್ಲಾ’ ಎನ್ನುವುದು. ಮಾತು ಮಾತ್ರ ಕೇಳಿಸುತ್ತಿತ್ತು, ಅದೂ ಹಿಂದಿಯಲ್ಲಿ. ಹಾಗಾಗಿ ಇಡೀ ರೂಮು ಟಿವಿಗೆ ಬೆನ್ನು ಮಾಡಿ ನನ್ನ ಮುಖ ನೋಡುತ್ತ ಕೂತಿತು. ಜಗಲಿಯವರೂ ಒಳಗೆ ಬಂದು ಸಂದುಗೊಂದುಗಳಲ್ಲಿ ನಿಂತರು. ಯಾರೂ ಏನೂ ಅನ್ನಲಿಲ್ಲ, ಆಮೇಲಿನ ವಾರಗಳಲ್ಲೂ ಅನ್ನಲಿಲ್ಲ.

ನಾನು ಕಣ್ಣು ಮುಚ್ಚಿ ಕಿವಿಗೊಟ್ಟೆ. ಮಾಂತ್ರಿಕ ಕಿರುಚಿದ. ಗಾಳಿಯ ಸದ್ದು, ಅದು ಟಿವಿಯ ಗಾಳಿಯೋ ನಮ್ಮೂರ ಗಾಳಿಯೋ ಗೊತ್ತಾಗಲಿಲ್ಲ. ಆಮೇಲೆ ಒಂದು ಹೆಣ್ಣು ದನಿ, ತಾಯಿ ಆನೆಯದಿರಬೇಕು, ನಿಧಾನವಾಗಿ ಏನೋ ಹೇಳಿತು. ಅದರಲ್ಲಿ ಆಕಾಶ ಎಂಬ ಮಾತು ಇತ್ತು, ಹಾರುವುದೂ ಇತ್ತು. ನನ್ನ ಪುಸ್ತಕದ ಹಕ್ಕಿಯ ವಾಕ್ಯ! ಮಾಲಿಯೂ ಹಸುವೂ ಕೈಕೊಟ್ಟರೂ ಹಕ್ಕಿ ಕೈಬಿಡಲಿಲ್ಲ. ಆದರೆ ಅದು ಹಾರಿತು ಎಂದಳೋ, ಹಾರಲಿಲ್ಲ ಎಂದಳೋ, ಹಾರಬಹುದಿತ್ತು ಎಂದಳೋ ನನಗೆ ಇಂದಿಗೂ ತಿಳಿಯದು. ಮೂರು ಕಾಲಗಳನ್ನೂ ಉರು ಹೊಡೆದವನಿಗೆ ಬೇಕಾದ ಹೊತ್ತಿಗೆ ಒಂದೂ ನೆನಪಾಗಲಿಲ್ಲ. ಕಣ್ಣು ಬಿಟ್ಟರೆ ಎಲ್ಲರ ಕಣ್ಣೂ ನನ್ನ ಮೇಲೆ.

‘ಹಾರ್ತು’ ಅಂದೆ. ‘ಅವ್ವನ ತಾವ್ಕ ಓಯ್ತು.’

ರೂಮಿನ ಉಸಿರು ಒಟ್ಟಿಗೆ ಹೊರಬಂತು. ಮಾದಪ್ಪಣ್ಣ ಟವೆಲಿನಿಂದ ಕಣ್ಣೊರೆಸಿಕೊಂಡು, ಎಲ್ಲಾದರೂ ಹಾರಿಕೊಳ್ಳಲಿ, ನಮ್ಮ ಹೊಲದ ಕಡೆ ಇಳಿಯದಿದ್ದರೆ ಸಾಕು ಎಂದ. ಉಳಿದದ್ದನ್ನು ಕೇಳಲು ನಾನು ನಿಲ್ಲಲಿಲ್ಲ, ಮನೆಗೆ ಓಡಿದೆ. ಪಂಚೆ ಬಿಚ್ಚಿಹೋಗದಂತೆ ಒಂದು ಕೈಯಲ್ಲಿ ಹಿಡಿದುಕೊಂಡು ಓಡಿದ್ದನ್ನು ಕಂಡವರು ಬಹಳ ದಿನ ಆಡಿಕೊಂಡು ನಕ್ಕರು.

ಹಜಾರದಲ್ಲಿ ದೊಡ್ಡವ್ವ ನೆಲದ ಮೇಲೆ ಕಾಲು ಚಾಚಿ ಕೂತಿದ್ದಳು. ಏದುಸಿರು ಬಿಡುತ್ತ, ಹಾರ್ತು ದೊಡ್ಡವ್ವ, ಹಾರ್ತು ಅಂದೆ. ಅವಳು ತಲೆ ಎತ್ತಿ ನೋಡಿದಳು. ಕೆನ್ನೆಯೆಲ್ಲ ಒದ್ದೆ.

‘ಯಾವುದ್ಲಾ?’ ಅಂದಳು.

ಅಷ್ಟರಲ್ಲಿ ಒಳಗಿನಿಂದ ಆ ಸದ್ದು ಬಂತು. ಸಣ್ಣದು, ಸಿಟ್ಟಿನದು, ನಿಲ್ಲಿಸುವ ಲಕ್ಷಣವೇ ಇಲ್ಲದ್ದು. ನರ್ಸಮ್ಮ ಬಾಗಿಲಿಗೆ ಬಂದು ಕೈ ಒರೆಸಿಕೊಳ್ಳುತ್ತ, ಹೆಣ್ಣು, ಇಬ್ಬರೂ ಚೆನ್ನಾಗಿದ್ದಾರೆ ಎಂದು ತಮಿಳಿನಲ್ಲಿ ಹೇಳಿದರು. ದೊಡ್ಡವ್ವನಿಗೆ ತಮಿಳು ನನಗಿಂತ ಚೆನ್ನಾಗಿ ಬರುತ್ತಿತ್ತು. ಆದರೂ ಅವರು ಏನಂದರು ಎಂದು ನನ್ನನ್ನೇ ಕೇಳಿದಳು. ನಾನು ಕನ್ನಡದಲ್ಲಿ ಹೇಳಿದೆ. ಇನ್ನೊಂದು ಸಲ ಹೇಳು ಅಂದಳು. ಇನ್ನೊಂದು ಸಲ ಹೇಳಿದೆ. ನನ್ನ ಆಯುಸ್ಸಿನಲ್ಲಿ ನಾನು ಮಾಡಿದ ಸರಿಯಾದ ಭಾಷಾಂತರ ಅದೊಂದೇ ಇರಬೇಕು. ಬಾಗಿಲ ವ್ಯಾನು ಖಾಲಿಯೇ ವಾಪಸು ಹೋದದ್ದನ್ನು ನೋಡಿ ನಾನೂ ಜಗಲಿಯ ಮೇಲೆ ಕೂತು, ಯಾರಿಗೂ ಕಾಣದಂತೆ ಅತ್ತೆ.

ಸಂಜೆ ರಾಜಕ್ಕ ನನ್ನನ್ನು ಕಿಟಕಿಯ ಹತ್ತಿರ ಕರೆಸಿದಳು. ಬಾಣಂತಿ ಕೋಣೆಯ ಹೊರಗೆ ನಿಂತು, ಕೊಟ್ಟ ಮಾತಿನಂತೆ, ಮರಿ ಹಾರಿತು ಎಂದು ಅವಳ ಕಿವಿಗೆ ಹಾಕಿದೆ. ಅವಳು ನಕ್ಕಳು, ನಗಲು ಇನ್ನೂ ಶಕ್ತಿ ಇರಲಿಲ್ಲ.

‘ಅವ ಕತ್ತಿ ಎತ್ಕ ನಿಂತಿದ್ರ ಉಂಡ್ಯಾ ಅಂತಾವ್ನ ಅಂದ್ಯಲ್ಲಾ. ನಂಗ ಕಣ್ಣಿಲ್ವಾ? ನಮ್ಮವ್ವ ನೆಮ್ಮದಿಯಾಗಿ ಕುಂತಿದ್ಲು, ಅದ್ಕ ನಾ ಸುಮ್ನಿದ್ದಿ ಕಣ್ಲಾ’ ಅಂದಳು.

ಇಷ್ಟು ದಿನ ನಾವೆಲ್ಲ ಸೇರಿ ಅವಳನ್ನು ಕಾಯುತ್ತಿದ್ದೇವೆ ಎಂದುಕೊಂಡಿದ್ದೆವು. ಅವಳು ಹೊಟ್ಟೆಯ ಭಾರದ ಜೊತೆಗೆ ದೊಡ್ಡವ್ವನನ್ನೂ ಕಾಯುತ್ತ ಕೂತಿದ್ದಳು. ಎಲ್ಲ ಕಂಡೂ ಕಾಣದವಳ ಹಾಗೆ ಇದ್ದಳು.

ಇಷ್ಟನ್ನೂ ಇಂದು ಮಧ್ಯಾಹ್ನ ಚಿನ್ನುವಿಗೆ ಹೇಳಿದೆ. ದೊಡ್ಡವ್ವ ರಾಜಕ್ಕನ ಮಗಳ ಮದುವೆಯನ್ನೂ ನೋಡಿ, ಎಲ್ಲ ಕತೆಗಳನ್ನೂ ಮುಗಿಸಿಯೇ ಹೋದಳು. ಕೊನೆಗೂ ಆ ಮರಿ ನಿಜವಾಗಿ ಹಾರಿತೋ ಇಲ್ಲವೋ ಎಂದು ಚಿನ್ನು ಕೇಳಿದಳು. ಟಿವಿಯೊಳಗಿನದು ಗೊತ್ತಿಲ್ಲ ಪುಟ್ಟ, ಆ ದಿನ ಹುಟ್ಟಿದ್ದು ಮಾತ್ರ ಮೊನ್ನೆ ದೀಪಾವಳಿಗೆ ಬಂದು, ಗುಮಟಾಪುರದ ಹಬ್ಬದಲ್ಲಿ ಜನ ಸಗಣಿ ಎರಚಾಡುವುದನ್ನು ನೋಡಿಕೊಂಡು, ನಿನಗೆ ಜಡೆ ಹಾಕಿ ಹೋಯಿತಲ್ಲ ಎಂದೆ. ಚಿನ್ನು ಬಾಯಿ ತೆರೆದಳು. ರಾಜಕ್ಕನ ಆ ಮಗಳನ್ನು ಆನೆಮರಿ ಅತ್ತೆ ಎಂದೇ ಕರೆಯುತ್ತ ಬಂದಿದ್ದರೂ ಏಕೆಂದು ಅವಳಿಗೆ ಇದುವರೆಗೆ ಯಾರೂ ಹೇಳಿರಲಿಲ್ಲ.

ಚಿನ್ನು ಫೋನಿನ ಮೇಲಿನ ದಿಂಬು ತೆಗೆದಳು. ನಾನೊಬ್ಬನೇ ಮೊದಲು ನೋಡುವುದು ಬೇಡ, ಇಬ್ಬರೂ ಕೂಡಿ ನೋಡೋಣ ಎಂದೆ. ನನ್ನ ಮಡಿಲಲ್ಲಿ ಎದೆಗೊರಗಿ ಕೂತಳು. ದೀಪದ ಬಾಲದ ನರಿ ಕತ್ತಲ ಕೋಟೆಯೊಳಗೆ ಕಾಲಿಟ್ಟಿತು. ಎದುರಿಗೆ ಕತ್ತಲ ರಾಜ, ಬೆಟ್ಟದಷ್ಟು ಎತ್ತರ, ಕೈಯಲ್ಲಿ ಕೊಡಲಿ. ನನ್ನ ಎದೆ ಹೊಡೆದುಕೊಳ್ಳುವುದು ಅವಳ ಬೆನ್ನಿಗೆ ತಿಳಿಯಿತೋ ಏನೋ. ತಟ್ಟನೆ ತಿರುಗಿ ತನ್ನ ಪುಟ್ಟ ಅಂಗೈಯನ್ನು ನನ್ನ ಕಣ್ಣಿಗೆ ಮುಚ್ಚಿದಳು. ಅಂಗೈ ಬೆವೆತಿತ್ತು. ಕೊಡಲಿ ಎತ್ತಿದ ರಾಜ ಗುಡುಗಿದ್ದು ಕೇಳಿಸಿತು.

‘ಏನೂ ಇಲ್ಲ ತಾತ’ ಅಂದಳು. ‘ಊಟ ಆಯ್ತಾ ಅಂತ ಕೇಳ್ತಿದ್ದಾನೆ.’

ಅವಳ ಬೆರಳ ಸಂದಿಯಿಂದ ನನಗೆ ಎಲ್ಲ ಕಾಣುತ್ತಿತ್ತು.

‘ಹೌದಾ?’ ಅಂದೆ. ‘ಒಳ್ಳೆಯವನು ಬಿಡು.’